ಲೆನ್ಸ್ ಹಾಕಿಸಿದ ಕಣ್ಣಲ್ಲಿ ಮತ್ತೆ ಮಸುಕು: ಎಲ್ಲದಕ್ಕೂ ಯಾಗ್ ಲೇಸರೇ ಮದ್ದಾ?

ಪ್ರಶ್ನೆ: ಯಗಚಿ_ದಡ

ಬೇಲೂರು, ಆಲೂರು, ಮೂಡಿಗೆರೆ ಕಡೆಯ ವಿಷನ್ ಸೆಂಟರುಗಳಿಗೆ ಪೊರೆ ಆಪರೇಷನ್ ಆದವರು ವಾಪಸ್ ಬಂದರೆ ಎಲ್ಲರದ್ದೂ ಒಂದೇ ಮಾತು: "ಪೊರೆ ತಿರುಗ ಬೆಳೆದಿದೆ." ಒಬ್ಬರಿಗೆ ಆಪರೇಷನ್ ಆಗಿ ಮೂರು ದಿನ, ಇನ್ನೊಬ್ಬರಿಗೆ ಮೂರು ವರ್ಷ. ಸೆಂಟರಿನಲ್ಲಿ ಇರುವುದು ದೃಷ್ಟಿ ಪಟ್ಟಿ, ಪಿನ್‌ಹೋಲು (ಸಣ್ಣ ತೂತಿನ ಮೂಲಕ ನೋಡಿಸುವ ಫಲಕ), ನಂಬರ್ ನೋಡುವ ಟ್ರಯಲ್ ಸೆಟ್ಟು, ಟಾರ್ಚು, ಕಣ್ಣೊಳಗೆ ಬೆಳಕು ಬಿಟ್ಟು ನೋಡುವ ಒಂದು ಡೈರೆಕ್ಟ್ ಆಫ್ತಾಲ್ಮೋಸ್ಕೋಪು. ಕಣ್ಣನ್ನು ದೊಡ್ಡದಾಗಿಸಿ ತೋರಿಸುವ ಸ್ಲಿಟ್ ಲ್ಯಾಂಪ್ ಬೇಕೆಂದರೆ ಹಾಸನಕ್ಕೋ ಚಿಕ್ಕಮಗಳೂರಿಗೋ ಹೋಗಬೇಕು. ಕಾಫಿ ಕೊಯ್ಲಿನ ಹೊತ್ತಲ್ಲಿ ಒಂದು ದಿನದ ಕೂಲಿ ಬಿಟ್ಟು ಹೋಗಿ ಅಂದರೆ ಯಾರೂ ಸುಲಭಕ್ಕೆ ಒಪ್ಪುವುದಿಲ್ಲ. ಕಳಿಸುವುದಾದರೆ ಕಾರಣ ಗಟ್ಟಿಯಾಗಿರಬೇಕು.

ಇಷ್ಟೇ ಸಾಮಾನಿನಲ್ಲಿ, ಇವತ್ತೇ ಹೊರಡಬೇಕಾದವರು ಯಾರು, ಮುಂದಿನ ವಾರ ಹೋದರೂ ನಡೆಯುವವರು ಯಾರು ಅಂತ ಬೇರೆ ಮಾಡುವುದು ಹೇಗೆ? ಮಸುಕು ಅಂದ ಕೂಡಲೆ "ಯಾಗ್ ಮಾಡಿಸಿಕೊಳ್ಳಿ" (ಲೆನ್ಸಿನ ಹಿಂದೆ ಮಸುಕಾದ ಪದರದಲ್ಲಿ ಕಿಂಡಿ ತೆರೆಯುವ ಲೇಸರ್) ಅಂತ ಬರೆದು ಕಳಿಸುವ ಅಭ್ಯಾಸ ಬೆಳೆಯುತ್ತಿದೆ, ಅದು ಸರಿಯಾ? ಇನ್ನೊಂದು, ತಿಂಗಳಾದ ಮೇಲೆ ನಂಬರ್ ನೋಡಿದರೆ ಮೈನಸ್ 2.5 ಬರುತ್ತದಲ್ಲ, ಅಲ್ಲಿ ತಪ್ಪಿದ್ದು ಏನು?

ಉತ್ತರ: ಸ್ಲಿಟ್‌ಲ್ಯಾಂಪ್_ಹಾಸನ

ಕಣ್ಣು ನೋಡುವುದಕ್ಕೂ ಮೊದಲು ಡಿಸ್ಚಾರ್ಜ್ ಚೀಟಿಯ ತಾರೀಖು ನೋಡಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಆಪರೇಷನ್‌ನಲ್ಲಿ ಪೊರೆ ತೆಗೆದರೂ ಅದನ್ನು ಸುತ್ತಿದ್ದ ತೆಳ್ಳನೆಯ ಚೀಲವನ್ನು ಉಳಿಸಿ, ಅದರೊಳಗೆ ಲೆನ್ಸ್ ಕೂರಿಸುತ್ತಾರೆ. ಚೀಲದ ಅಂಚಿನಲ್ಲಿ ಉಳಿದ ಜೀವಕೋಶಗಳು ನಿಧಾನಕ್ಕೆ ಬೆಳೆದು ಲೆನ್ಸಿನ ಹಿಂಬದಿಗೆ ಹರಿದು ಬಂದರೆ ಹಿಂದಿನ ಪದರ ಮಸುಕಾಗುತ್ತದೆ. ಜನ "ತಿರುಗ ಬೆಳೆದ ಪೊರೆ" ಅನ್ನುವುದು ಇದಕ್ಕೇ. ಬೆಳೆಯುವುದಕ್ಕೆ ತಿಂಗಳುಗಳು, ಎಷ್ಟೋ ಸಲ ವರ್ಷಗಳು ಬೇಕು. ಮೂರನೇ ದಿನದ ಮಸುಕಿಗೆ ಆ ಹೆಸರು ಕೊಟ್ಟು ಮನೆಗೆ ಕಳಿಸಿದರೆ ಕಣ್ಣು ಹೋಗಬಹುದು.

ಯಾಕೆಂದರೆ 2ನೇ ದಿನದಿಂದ 7ನೇ ದಿನದ ನಡುವೆ ಹೆದರಬೇಕಾದ್ದು ಕಣ್ಣೊಳಗಿನ ಸೋಂಕಿಗೆ, ಎಂಡಾಫ್ತಾಲ್ಮೈಟಿಸ್‌ಗೆ. ಆಪರೇಷನ್ ಆದ ಮರುದಿನ ಚೆನ್ನಾಗಿ ಕಂಡದ್ದು ಆಮೇಲೆ ಇಳಿಯುತ್ತಾ ಹೋದರೆ ಅದನ್ನೇ ಮೊದಲು ನೆನೆಯಿರಿ. ಟಾರ್ಚ್ ಹಾಕಿದಾಗ ಕಣ್ಣು ಕೆಂಪು, ರೆಪ್ಪೆ ಊತ, ಕರಿಗುಡ್ಡೆಯ (ಕಾರ್ನಿಯಾ, ಕಣ್ಣಿನ ಮುಂದಿನ ಪಾರದರ್ಶಕ ಪದರ) ಹಿಂದೆ ಕೆಳಗಡೆ ಬಿಳಿ ಕೀವಿನ ಗೆರೆ ಕೂತಿದ್ದರೆ ಬೇರೆ ಯೋಚನೆಯೇ ಬೇಡ. ಆಫ್ತಾಲ್ಮೋಸ್ಕೋಪಿನಲ್ಲಿ ಕೆಂಪು ಹೊಳಪು ಮಂಕಾಗಿರುತ್ತದೆ. ಅಂಥವರು ಅವತ್ತೇ ಹೊರಡಬೇಕು, ರಾತ್ರಿಯಾದರೂ ಸರಿ. ಅಲ್ಲಿ ವೈದ್ಯರು ಕಣ್ಣೊಳಗಿನ ದ್ರವದ ಸ್ಯಾಂಪಲ್ ತೆಗೆದು, ವ್ಯಾಂಕೊಮೈಸಿನ್ 1 ಮಿ.ಗ್ರಾಂ ಮತ್ತು ಸೆಫ್ಟಾಜಿಡೈಮ್ 2.25 ಮಿ.ಗ್ರಾಂ, ತಲಾ 0.1 ಮಿ.ಲೀ. ಲೆಕ್ಕದಲ್ಲಿ ನೇರ ಕಣ್ಣೊಳಗೆ ಕೊಡುತ್ತಾರೆ. ಎರಡಕ್ಕೂ ಬೇರೆ ಬೇರೆ ಸಿರಿಂಜು, ಒಂದರಲ್ಲೇ ಬೆರೆಸಿದರೆ ಔಷಧ ಗರಣೆ ಕಟ್ಟುತ್ತದೆ. ದೃಷ್ಟಿ ಬರೀ ಬೆಳಕು ಗೊತ್ತಾಗುವಷ್ಟಕ್ಕೆ ಇಳಿದಿದ್ದರೆ ವಿಟ್ರೆಕ್ಟಮಿ, ಅಂದರೆ ಕಣ್ಣೊಳಗಿನ ಲೋಳೆ (ವಿಟ್ರಿಯಸ್) ತೆಗೆಯುವ ಆಪರೇಷನ್, ಮಾಡಬೇಕಾಗುತ್ತದೆ. ಸೆಂಟರಿನಲ್ಲಿ ಹನಿ ಬದಲಾಯಿಸಿ "ಎರಡು ದಿನ ನೋಡೋಣ" ಅನ್ನುವ ಪ್ರಯೋಗ ಮಾತ್ರ ಬೇಡ. ನಂದಿಬಟ್ಟಲ ಹೂವಿನ ರಸ, ಎದೆಹಾಲು ಬಿಟ್ಟಿದ್ದಾರಾ ಅಂತಲೂ ಬೈಯದೆ ಕೇಳಿಕೊಳ್ಳಿ. ಬೈದರೆ ನಿಜ ಹೇಳುವುದಿಲ್ಲ.

ಮೊದಲ 24 ಗಂಟೆಯೊಳಗೇ ಕರಿಗುಡ್ಡೆ ಅಂಚಿನಿಂದ ಅಂಚಿಗೆ ಮಂಜು ಹಿಡಿದ ಗಾಜಿನ ಹಾಗಾಗಿ, ನೋವು ಅಷ್ಟಿಲ್ಲದಿದ್ದರೆ ಅದು ಸೋಂಕಲ್ಲದ ಉರಿಯೂತ, ಟಾಸ್, ಇರಬಹುದು. ಉಪಕರಣದ ಕೊಳವೆಯಲ್ಲಿ ಉಳಿದ ಡಿಟರ್ಜೆಂಟು, ಕಣ್ಣೊಳಗೆ ಹೋಗಬಾರದ ಪ್ರಿಸರ್ವೇಟಿವ್ ಇದ್ದ ಔಷಧ, ಇಂಥವು ಕಾರಣ. ಹೀಗಾಗಿ ಇದು ಬಂದರೆ ಅದೇ ದಿನ ಆಪರೇಷನ್ ಆದ ಒಂದಿಬ್ಬರಿಗೆ ಒಟ್ಟಿಗೇ ಬರುವುದುಂಟು. ಮದ್ದು ಗಂಟೆಗೊಮ್ಮೆ ಸ್ಟಿರಾಯ್ಡ್ ಹನಿ. ಆದರೆ ಇದು ಟಾಸೋ ಸೋಂಕೋ ಅಂತ ಟಾರ್ಚಿನಲ್ಲಿ ತೀರ್ಮಾನಿಸಲು ಹೋಗಬೇಡಿ, ಕಳಿಸಿಬಿಡಿ. ಗಟ್ಟಿ ಪೊರೆ ಒಡೆಯುವಾಗ ಕರಿಗುಡ್ಡೆಯ ಒಳಪದರಕ್ಕೆ ಪೆಟ್ಟಾಗಿಯೂ ಮಂಜು ಬರುತ್ತದೆ, ಅದು ಸಾಮಾನ್ಯವಾಗಿ ಕೆಲವು ದಿನ, ವಾರಗಳಲ್ಲಿ ಇಳಿಯುತ್ತದೆ. "ಪೊರೆ ಪೂರ್ತಿ ಹಣ್ಣಾಗಲಿ" ಅಂತ ಕಾಯುವವರಿಗೆ ಈ ತೊಂದರೆ ಹೆಚ್ಚು. ಹಣ್ಣಾದಷ್ಟೂ ಪೊರೆ ಕಲ್ಲಾಗುತ್ತದೆ, ಒಡೆಯಲು ಹೆಚ್ಚು ಶಕ್ತಿ ಬೇಕಾಗುತ್ತದೆ.

ಒಂದು ತಿಂಗಳಿಂದ ಮೂರು ತಿಂಗಳ ನಡುವೆ, ಕಣ್ಣು ಬಿಳಿ, ನೋವಿಲ್ಲ, ಆದರೂ ಅಕ್ಷರ ಕಲಸಿದ ಹಾಗೆ, ಗೆರೆ ಡೊಂಕು ಅಂದರೆ ಮ್ಯಾಕುಲಾದಲ್ಲಿ (ಕಣ್ಣಿನ ಹಿಂದಿನ ಪರದೆ ರೆಟಿನಾದ ನಟ್ಟನಡು ಭಾಗ) ನೀರು ತುಂಬಿರಬಹುದು. ಇರ್ವಿನ್-ಗ್ಯಾಸ್ ಅನ್ನುವುದು ಇದೇ. ಸಕ್ಕರೆ ಕಾಯಿಲೆಯವರಿಗೆ, ಆಪರೇಷನ್‌ನಲ್ಲಿ ಚೀಲ ಹರಿದವರಿಗೆ ಸಾಧ್ಯತೆ ಹೆಚ್ಚು. ಓಸಿಟಿ ಸ್ಕ್ಯಾನ್‌ನಲ್ಲಿ ತಿಳಿಯುತ್ತದೆ. ನೆಪಾಫೆನಾಕ್ ಅಥವಾ ಕೆಟೊರೊಲಾಕ್ ಹನಿ, ಜೊತೆಗೆ ಸ್ಟಿರಾಯ್ಡ್ ಹನಿ, ವಾರಗಟ್ಟಲೆ ಬೇಕಾಗುತ್ತದೆ. ಇಂಥ ಕಣ್ಣಿಗೆ ಯಾಗ್ ಹೊಡೆದರೆ ಊತ ಇನ್ನೂ ಜಾಸ್ತಿಯಾಗಬಹುದು.

ಯಾವ ವರ್ಷದಲ್ಲಾದರೂ ಸರಿ, ಮಿಂಚು, ಒಮ್ಮೆಲೇ ನೊಣ ಹಾರಿದಂಥ ಚುಕ್ಕೆಗಳು, ಒಂದು ಬದಿಯಿಂದ ಪರದೆ ಎಳೆದ ಹಾಗೆ ಅಂದರೆ ರೆಟಿನಾ ಕಳಚುತ್ತಿದೆ ಅಂತ ತಿಳಿದು ಅವತ್ತೇ ಕಳಿಸಿ.

ಇನ್ನು ನಿಮ್ಮ ಸಾಮಾನಿನ ಮಾತು. ಪಿನ್‌ಹೋಲಿನಲ್ಲಿ 6/24 ಇದ್ದದ್ದು 6/9ಕ್ಕೆ ಬಂದರೆ (ಕೆಳಗಿನ ಅಂಕಿ ಕಡಿಮೆಯಾದಷ್ಟೂ ದೃಷ್ಟಿ ಚೆನ್ನ) ಮುಖ್ಯವಾಗಿ ನಂಬರಿನ ಸಮಸ್ಯೆ. ಏನೂ ಬದಲಾಗದಿದ್ದರೆ, ಇಲ್ಲವೇ ದೃಷ್ಟಿ ಇನ್ನೂ ಕಡಿಮೆಯಾದರೆ, ರೆಟಿನಾ ಕಡೆ ಅನುಮಾನ ಪಡಿ. ಆಮೇಲೆ ಕತ್ತಲು ಕೋಣೆಯಲ್ಲಿ ಅರ್ಧ ಮೀಟರ್ ದೂರದಿಂದ ಆಫ್ತಾಲ್ಮೋಸ್ಕೋಪಿನಲ್ಲಿ ಪಾಪೆಯ ಕೆಂಪು ಹೊಳಪು ನೋಡಿ. ಹಿಂಪದರ ಮಸುಕಾಗಿದ್ದರೆ ಆ ಕೆಂಪಿನ ಮೇಲೆ ಸಬ್ಬಕ್ಕಿ ಚೆಲ್ಲಿದ ಹಾಗೆ ಸಣ್ಣ ಗುಳ್ಳೆಗಳು, ಇಲ್ಲವೇ ಸುಕ್ಕಿನ ಗೆರೆಗಳು ಕಾಣುತ್ತವೆ. ಹೊಳಪು ತಿಳಿಯಾಗಿದ್ದೂ ದೃಷ್ಟಿ 6/36 ಇದ್ದರೆ ದೋಷ ಪದರದ್ದಲ್ಲ. ಅಲ್ಲಿ ಯಾಗ್ ಅಂತ ಬರೆಯಬೇಡಿ.

ಉತ್ತರ: ಡಯಾಪ್ಟರ್_ಲೆಕ್ಕ

ಮೈನಸ್ 2.5ರ ವಿಷಯಕ್ಕೆ ಮಾತ್ರ ಬರುತ್ತೇನೆ.

ಮೊದಲು ಅದು ತಪ್ಪೋ ಬೇಕೆಂದೇ ಇಟ್ಟದ್ದೋ ಕೇಳಿಕೊಳ್ಳಿ. ಹೊಲಿಗೆ ಕೆಲಸದವರಿಗೆ, ಇನ್ನೊಂದು ಕಣ್ಣು ಮೊದಲಿಂದಲೂ ಮೈನಸ್ ಇದ್ದವರಿಗೆ, ಹತ್ತಿರ ಕಾಣಲಿ ಅಂತ ಮೈನಸ್ 2ರ ಹತ್ತಿರ ಗುರಿ ಇಡುವುದುಂಟು. ಬಯೋಮೆಟ್ರಿ (ಲೆನ್ಸ್ ಆರಿಸಲು ತೆಗೆಯುವ ಕಣ್ಣಿನ ಅಳತೆ) ಪ್ರಿಂಟಿನಲ್ಲಿ 'ಟಾರ್ಗೆಟ್' ಅಂತ ಬರೆದಿರುತ್ತದೆ.

ಅಲ್ಲ ಅಂದರೆ ಲೆಕ್ಕ ಹೀಗೆ. ಹಳೆಯ ಎಸ್‌ಆರ್‌ಕೆ ಸೂತ್ರ ಈಗ ಲೆನ್ಸ್ ಆರಿಸಲು ಯಾರೂ ಬಳಸಬಾರದು, ಅರ್ಥ ಮಾಡಿಕೊಳ್ಳಲು ಮಾತ್ರ ಚೆನ್ನ: ಲೆನ್ಸಿನ ಪವರ್ = ಎ ಸ್ಥಿರಾಂಕ − 2.5 × ಕಣ್ಣಿನ ಉದ್ದ − 0.9 × ಕರಿಗುಡ್ಡೆಯ ಕೆ. ಎ ಅಂದರೆ ಆಯಾ ಲೆನ್ಸ್ ಮಾದರಿಗೆ ಗೊತ್ತುಮಾಡಿದ ಅಂಕಿ, ಕೆ ಅಂದರೆ ಕರಿಗುಡ್ಡೆಯ ಬಾಗಿನ ಶಕ್ತಿ, ಪವರಿನ ಅಳತೆ ಡಯಾಪ್ಟರ್. ಎ 118, ಉದ್ದ 23 ಮಿ.ಮೀ., ಕೆ 44 ಆದರೆ 118 − 57.5 − 39.6, ಅಂದರೆ 20.9. ಉದ್ದದ ಅಳತೆಯಲ್ಲಿ 1 ಮಿ.ಮೀ. ತಪ್ಪಿದರೆ ಹೆಚ್ಚುಕಮ್ಮಿ 2.5 ಡಯಾಪ್ಟರ್ ತಪ್ಪು. ಕೆ 1 ತಪ್ಪಿದರೆ ಸುಮಾರು 1 ಡಯಾಪ್ಟರ್.

ಕಣ್ಣಿನ ಉದ್ದ ಅಳೆಯುವ ಎ-ಸ್ಕ್ಯಾನ್ ಕಡ್ಡಿಯನ್ನು ಕರಿಗುಡ್ಡೆಗೆ ಒತ್ತಿ ಹಿಡಿದರೆ ಕಣ್ಣು ಇರುವುದಕ್ಕಿಂತ ಗಿಡ್ಡ ಅಂತ ಬರುತ್ತದೆ, ಲೆನ್ಸ್ ಪವರ್ ಜಾಸ್ತಿ ಆರಿಸಿದ ಹಾಗಾಗುತ್ತದೆ, ಕಣ್ಣು ಮೈನಸ್ ಆಗುತ್ತದೆ. ಆದರೆ ಒತ್ತುವುದರಿಂದ ತಪ್ಪುವುದು ಸಾಮಾನ್ಯವಾಗಿ 0.1ರಿಂದ 0.3 ಮಿ.ಮೀ. ಅಷ್ಟಕ್ಕೆ ಮೈನಸ್ 0.75 ಬಂದೀತು, 2.5 ಬರುವುದಿಲ್ಲ. ದೊಡ್ಡ ತಪ್ಪಿಗೆ ದೊಡ್ಡ ಕಾರಣ ಹುಡುಕಿ: ಬೇರೆಯವರ ಪ್ರಿಂಟು ಸೇರಿಕೊಂಡಿದೆಯಾ, ಬಲಗಣ್ಣು ಎಡಗಣ್ಣು ಅದಲುಬದಲಾಗಿದೆಯಾ, ಲೆನ್ಸಿನ ಸ್ಟಿಕ್ಕರಿನ ಪವರೂ ಪ್ರಿಂಟಿನ ಪವರೂ ಒಂದೇನಾ, ಲೆನ್ಸ್ ತಿರುವುಮುರುವಾಗಿ ಕೂತಿದೆಯಾ. ಆಪರೇಷನ್‌ಗೆ ಬಳಸಿದ ಜೆಲ್ ಲೆನ್ಸಿನ ಹಿಂದೆ ಚೀಲದೊಳಗೆ ಸಿಕ್ಕಿಕೊಂಡರೂ ಚೀಲ ಉಬ್ಬಿ ಲೆನ್ಸನ್ನು ಮುಂದಕ್ಕೆ ತಳ್ಳುತ್ತದೆ, ಅದೂ ಮೈನಸ್ಸೇ. ಇದಕ್ಕೆ ಲೇಸರಿನಲ್ಲಿ ಒಂದು ಸಣ್ಣ ತೂತು ಮಾಡಿದರೆ ಜೆಲ್ ಹೊರಬಿದ್ದು ನಂಬರ್ ಇಳಿಯುತ್ತದೆ.

ತದ್ವಿರುದ್ಧವಾಗಿ, ಮೊದಲು ಮೈನಸ್ ತೆಗೆಸಲು ಲಾಸಿಕ್ (ಕರಿಗುಡ್ಡೆಯ ಲೇಸರ್) ಮಾಡಿಸಿಕೊಂಡು ಅದನ್ನು ಹೇಳದೆ ಇದ್ದವರಿಗೆ ಪ್ಲಸ್ ನಂಬರ್ ಬರುತ್ತದೆ.

ಕನ್ನಡಕ ಬರೆಯುವ ಅವಸರ ಬೇಡ. ಫೇಕೋದಲ್ಲಿ (ಪೊರೆಯನ್ನು ಶಬ್ದತರಂಗದಿಂದ ಒಡೆದು ತೆಗೆಯುವ ವಿಧಾನ) ಗಾಯ 2.2ರಿಂದ 2.8 ಮಿ.ಮೀ., ಸುಮಾರು 4 ವಾರಕ್ಕೆ ನಂಬರ್ ನಿಲ್ಲುತ್ತದೆ. ಕ್ಯಾಂಪುಗಳಲ್ಲಿ ಹೆಚ್ಚಾಗಿ ಮಾಡುವ ಎಸ್‌ಐಸಿಎಸ್‌ನಲ್ಲಿ (ಪೊರೆಯನ್ನು ಇಡಿಯಾಗಿ ತೆಗೆಯುವ ವಿಧಾನ) ಮಡಚಲಾಗದ ಗಟ್ಟಿ ಪಿಎಂಎಂಎ ಲೆನ್ಸ್ ಹೋಗಲು 6 ಮಿ.ಮೀ. ಮೇಲೆಯೇ ಬೇಕು, ಅಲ್ಲಿ 6 ವಾರ ಕಾಯಿರಿ. ಮೇಲುಗಡೆ ಗಾಯ ಮಾಡಿದ್ದರೆ 90 ಡಿಗ್ರಿಯ ಕಡೆ ಕರಿಗುಡ್ಡೆ ಚಪ್ಪಟೆಯಾಗಿ ಸಿಲಿಂಡರ್ (ವಕ್ರತೆಯ ನಂಬರ್) ಬರುವುದು ಮಾಮೂಲು, ಅದು ಲೆನ್ಸಿನ ತಪ್ಪಲ್ಲ.

ಟೋರಿಕ್ ಲೆನ್ಸ್ ಹಾಕಿಸಿದವರಿಗೆ ಮೊದಲ ವಾರದಲ್ಲೇ ಸಿಲಿಂಡರ್ ಬಂದರೆ ತಡಮಾಡದೆ ಕಳಿಸಿ. ಲೆನ್ಸ್ 1 ಡಿಗ್ರಿ ತಿರುಗಿದರೆ ಸಿಲಿಂಡರ್ ಸರಿಪಡಿಸುವ ಶಕ್ತಿ ಸುಮಾರು ಶೇ. 3.3 ಕಮ್ಮಿಯಾಗುತ್ತದೆ, 30 ಡಿಗ್ರಿಗೆ ಪೂರ್ತಿ ವ್ಯರ್ಥ. ಮೊದಲ ಒಂದೆರಡು ವಾರದಲ್ಲಿ ತಿರುಗಿಸಿ ಕೂರಿಸುವುದು ಸಲೀಸು, ಚೀಲ ಬಿಗಿದುಕೊಂಡ ಮೇಲೆ ಕಷ್ಟ.

ಉತ್ತರ: ಒಳಪದರ

ಸ್ಲಿಟ್‌ಲ್ಯಾಂಪ್ ಸಾರ್ ಹೇಳಿದ್ದಕ್ಕೆ ಎರಡು ತಿದ್ದುಪಡಿ. ಎಂಡಾಫ್ತಾಲ್ಮೈಟಿಸ್ ಆದ ನಾಲ್ವರಲ್ಲಿ ಸುಮಾರು ಒಬ್ಬರಿಗೆ ನೋವೇ ಇರುವುದಿಲ್ಲ. ನೋವಿಲ್ಲ ಅನ್ನುವುದನ್ನು ನಂಬಿ ಯಾರನ್ನೂ ನಿಲ್ಲಿಸಿಕೊಳ್ಳಬೇಡಿ, ದೃಷ್ಟಿ ಇಳಿದದ್ದೇ ಸಾಕು. ತಿಂಗಳುಗಳಾದ ಮೇಲೆ ಸಣ್ಣಗೆ ಕೆಂಪಾಗುತ್ತಾ, ಸ್ಟಿರಾಯ್ಡ್ ಹನಿಗೆ ಇಳಿಯುತ್ತಾ, ಬಿಟ್ಟ ಕೂಡಲೆ ಮತ್ತೆ ಏರುತ್ತಾ ಇರುವ ನಿಧಾನದ ಸೋಂಕೂ ಇದೆ. ಚೀಲದೊಳಗೆ ಬಿಳಿ ತೇಪೆ ಕಾಣುತ್ತದೆ. ಅದನ್ನು ಹಿಂಪದರದ ಮಸುಕು ಅಂದುಕೊಂಡು ಯಾಗ್ ಹೊಡೆದರೆ ಚೀಲದಲ್ಲಿ ಅಡಗಿದ್ದ ಬ್ಯಾಕ್ಟೀರಿಯಾಕ್ಕೆ ಹಿಂದಿನ ಕೋಣೆಗೆ ಬಾಗಿಲು ತೆಗೆದ ಹಾಗೆ.

ಎರಡನೆಯದು, ಹಿಂಪದರದ ಮೇಲೆ ಮೊದಲೇ ಅಂಟಿದ್ದ ಗಟ್ಟಿ ಕಲೆಯನ್ನು, ಕೆರೆದರೆ ಹರಿದೀತು ಅಂತ ವೈದ್ಯರು ಹಾಗೇ ಬಿಡುವುದುಂಟು. ಅಂಥವರಿಗೆ ಮೊದಲ ದಿನದಿಂದಲೇ ಮಸುಕು ಇರುತ್ತದೆ. ಚೀಟಿಯಲ್ಲಿ ಬರೆದಿರುತ್ತಾರೆ, ಓದಿ.

ಯಾಗ್ ಬಗ್ಗೆ ಒಂದು ಮಾತು ಖಂಡಿತ. ಕಿರಿಕಿರಿ ಲೆನ್ಸಿನದ್ದೇ ಆಗಿದ್ದರೆ, ಅಂದರೆ ಪವರ್ ತಪ್ಪಿದ್ದರೆ, ದೂರ, ಹತ್ತಿರ ಎರಡೂ ಕಾಣಿಸುವ ಮಲ್ಟಿಫೋಕಲ್ ಲೆನ್ಸಿನಲ್ಲಿ ರಾತ್ರಿ ದೀಪದ ಸುತ್ತ ಬಳೆ ಕಂಡು ತಡೆಯಲಾಗದಿದ್ದರೆ, ಯಾಗ್‌ಗೂ ಮೊದಲು ಲೆನ್ಸ್ ಬದಲಾಯಿಸುವ ತೀರ್ಮಾನ ಆಗಿರಬೇಕು. ಹಿಂಪದರದಲ್ಲಿ ಒಮ್ಮೆ ಕಿಂಡಿ ತೆರೆದ ಮೇಲೆ ಲೆನ್ಸ್ ತೆಗೆಯಲು ಹೋದರೆ ವಿಟ್ರಿಯಸ್ ಮುಂದೆ ನುಗ್ಗುತ್ತದೆ, ಹೊಸ ಲೆನ್ಸಿಗೆ ಆಸರೆ ಇರುವುದಿಲ್ಲ. "ಮೊದಲು ಲೇಸರ್ ಮಾಡಿ ನೋಡೋಣ" ಅನ್ನುವುದು ಇಲ್ಲಿ ವಾಪಸ್ ಬರಲಾಗದ ದಾರಿ.

ಸರಿಯಾದ ಕಣ್ಣಿಗಾದರೆ ಕೆಲಸ ಐದು ನಿಮಿಷದ್ದು. ಪಾಪೆ ದೊಡ್ಡದಾಗಿಸುವ ಹನಿ, ಒತ್ತಡ ಏರದಿರಲು ಬ್ರಿಮೊನಿಡಿನ್ ಅಥವಾ ಅಪ್ರಾಕ್ಲೊನಿಡಿನ್. 1064 ನ್ಯಾನೋಮೀಟರಿನ ಲೇಸರ್, ಸುಮಾರು 1 ಮಿಲಿಜೂಲಿನಿಂದ ಶುರು. ಗುರಿ ಪದರದ ಮೇಲಲ್ಲ, ಕೂದಲೆಳೆಯಷ್ಟು ಹಿಂದಕ್ಕೆ. ಇಲ್ಲದಿದ್ದರೆ ಲೆನ್ಸಿನ ಮೇಲೇ ಗುಳಿ ಬೀಳುತ್ತದೆ. ಕಿಂಡಿ 3ರಿಂದ 4 ಮಿ.ಮೀ. ಮುಗಿದ ಒಂದು ಗಂಟೆಗೆ ಒತ್ತಡ ನೋಡಬೇಕು. ಗ್ಲುಕೋಮ (ಒತ್ತಡದಿಂದ ಕಣ್ಣಿನ ನರ ಕೆಡುವ ಕಾಯಿಲೆ) ಇರುವವರನ್ನು ಒತ್ತಡ ನೋಡದೆ ಬಸ್ ಹತ್ತಿಸಬೇಡಿ. ಒಂದು ವಾರ ಸ್ಟಿರಾಯ್ಡ್ ಹನಿ. ಹೆಚ್ಚು ಮೈನಸ್ ಇದ್ದ ಉದ್ದನೆಯ ಕಣ್ಣುಗಳಿಗೆ ಆಮೇಲೆ ರೆಟಿನಾ ಕಳಚುವ ಅಪಾಯ ಇರುವುದರಿಂದ ಮಿಂಚು, ಪರದೆಯ ಎಚ್ಚರಿಕೆ ಹೇಳಿಯೇ ಕಳಿಸಬೇಕು.

ಮತ್ತೆ ಪ್ರಶ್ನೆ: ಯಗಚಿ_ದಡ

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಎಲ್ಲರಿಗೂ ವಂದನೆ. ಉಳಿದದ್ದು ಎರಡು. ಕಿವಿ ಕಡೆ ಕಪ್ಪು ಬಿಲ್ಲಿನ ಹಾಗೆ ನೆರಳು ಅಂತ ಹೇಳುವವರನ್ನೂ ರೆಟಿನಾ ಅಂತಲೇ ಓಡಿಸಬೇಕಾ? ಲೆನ್ಸ್ ಜಾರಿರುವುದು ಟಾರ್ಚಿನಲ್ಲಿ ಗೊತ್ತಾಗುತ್ತದಾ?

ಉತ್ತರ: ಸ್ಲಿಟ್‌ಲ್ಯಾಂಪ್_ಹಾಸನ

ಒಳಪದರ ಅವರ ತಿದ್ದುಪಡಿ ಸರಿ, ಒಪ್ಪಿದೆ.

ಕಪ್ಪು ಬಿಲ್ಲಿಗೆ ಮೂರು ಮಾತು ಕೇಳಿ. ಪಟ್ಟಿ ಬಿಚ್ಚಿದ ದಿನದಿಂದಲೇ ಇತ್ತಾ? ಇದ್ದಷ್ಟೇ ಇದೆಯಾ, ಬೆಳೆಯುತ್ತಿದೆಯಾ? ಕಿವಿ ಕಡೆಯಿಂದ ಬರುವ ಬೆಳಕಿಗೆ ಕೈ ಅಡ್ಡ ಹಿಡಿದರೆ ಮಾಯವಾಗುತ್ತದಾ? ಮೊದಲಿಂದ ಇದ್ದು, ಬೆಳೆಯದೆ, ಕೈ ಅಡ್ಡ ಹಿಡಿದಾಗ ಹೋದರೆ ಅದು ಲೆನ್ಸಿನ ಅಂಚಿನ ಬೆಳಕಿನಾಟ, ನೆಗೆಟಿವ್ ಡಿಸ್‌ಫೋಟಾಪ್ಸಿಯಾ. ಆಪರೇಷನ್ ಚೆನ್ನಾಗಿ ಆದವರಿಗೂ ಬರುತ್ತದೆ. ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಮನಸ್ಸು ಅದನ್ನು ಗಮನಿಸುವುದನ್ನೇ ಬಿಡುತ್ತದೆ, ದಪ್ಪ ಕಡ್ಡಿಯ ಕನ್ನಡಕ ಕೊಟ್ಟರೂ ಸಾಕಾಗುವುದುಂಟು. ಹೊಸದಾಗಿ ಬಂದು ಬೆಳೆಯುತ್ತಿದ್ದರೆ ಮಾತ್ರ ಓಡಿಸಿ. ಅನುಮಾನವಿದ್ದರೂ ಓಡಿಸಿ.

ಲೆನ್ಸ್ ಜಾರಿರುವುದು ಗೊತ್ತಾಗುತ್ತದೆ. ಅದೇ ಕೆಂಪು ಹೊಳಪಿನಲ್ಲಿ ಪಾಪೆಯ ನಡುವೆ ಲೆನ್ಸಿನ ದುಂಡು ಅಂಚು ಅರ್ಧಚಂದ್ರದ ಹಾಗೆ ಕಾಣುತ್ತದೆ, ಕೆಳಗೆ ಜಾರಿದ್ದರೆ ಮುಳುಗುವ ಸೂರ್ಯನ ಹಾಗೆ. ಒಂದೇ ಕಣ್ಣಲ್ಲಿ ಎರಡೆರಡು ಕಾಣುವುದು, ತಲೆ ಅಲ್ಲಾಡಿಸಿದಾಗ ನೋಟ ಅಲುಗುವುದು, ಕತ್ತಾಡಿಸಿದರೆ ಲೆನ್ಸು ನಡುಗುವುದು ಕೂಡ ಗುರುತು. ವರ್ಷಗಳಾದ ಮೇಲೆ ಚೀಲದ ಸಮೇತ ಜಾರುವುದಕ್ಕೆ ಸೂಡೋಎಕ್ಸ್‌ಫೋಲಿಯೇಷನ್ (ಕಣ್ಣೊಳಗೆ ಹೊಟ್ಟಿನಂಥ ವಸ್ತು ಕೂರುವ ಕಾಯಿಲೆ), ಮರದ ಕೊಂಬೆ ಬಡಿದ ಪೆಟ್ಟು, ಮೊದಲು ಆದ ವಿಟ್ರೆಕ್ಟಮಿ, ಹೆಚ್ಚು ಮೈನಸ್ ಕಾರಣ. ಮೆಣಸು ಕೊಯ್ಯಲು ಏಣಿ ಹತ್ತುವವರು, ಮರಗಸಿ ಮಾಡುವವರು ಕಣ್ಣಿಗೆ ಅಡ್ಡ ಕನ್ನಡಕ ಹಾಕಿಕೊಳ್ಳಲಿ.

ಬಂದು ಹೋಗುವ ಮಸುಕು ಇದರ ಇನ್ನೊಂದು ಮುಖ. ಒಂದು ದಿನ ಮಂಜು, ಎರಡು ದಿನಕ್ಕೆ ತಿಳಿ, ಮತ್ತೆ ಮಂಜು, ಜೊತೆಗೆ ಕಣ್ಣು ಭಾರ. ಲೆನ್ಸನ್ನು ಹಿಡಿದಿಡುವ ಕಾಲು ಐರಿಸ್‌ಗೆ (ಪಾಪೆಯ ಸುತ್ತಲಿನ ಬಣ್ಣದ ಪರದೆ) ಉಜ್ಜಿ ಉರಿಯೂತ, ಒತ್ತಡ, ರಕ್ತ ಮೂರೂ ಬರುವ ಯುಜಿಎಚ್ ಇದು. ಚೀಲ ಹರಿದಾಗ ಒಂದೇ ತುಂಡಿನ ಅಕ್ರಿಲಿಕ್ ಲೆನ್ಸನ್ನು ಚೀಲದ ಮುಂದೆ ಇಟ್ಟರೆ ಹೀಗಾಗುತ್ತದೆ, ಅದರ ಕಾಲು ದಪ್ಪ, ಅಂಚು ಚೌಕ. ಅಲ್ಲಿ ಇಡಬೇಕಾದ್ದು ತೆಳು ಕಾಲಿನ ಮೂರು ತುಂಡಿನ ಲೆನ್ಸ್, ಅದೂ 0.5ರಿಂದ 1 ಡಯಾಪ್ಟರ್ ಕಡಿಮೆ ಪವರಿನದು. ಇದಕ್ಕೇ ಲೆನ್ಸಿನ ಸ್ಟಿಕ್ಕರ್ ಜೋಪಾನ ಮಾಡಿ ಅನ್ನುವುದು. ಮಾಡೆಲ್ಲು, ಪವರು, ಸೀರಿಯಲ್ ನಂಬರು ಅದರಲ್ಲೇ ಇರುತ್ತವೆ. ರೇಷನ್ ಕಾರ್ಡಿನ ಜೊತೆ ಇಡಲು ಹೇಳಿದರೆ ಕಳೆಯುವುದಿಲ್ಲ.

ಉತ್ತರ: ಘಾಟಿ_ಮೇಲೆ

ರೆಟಿನಾ ಕಡೆಯಿಂದ ಒಂದು, ನಮ್ಮ ಸೀಮೆಗೆ ಮಾತ್ರ ಸೇರಿದ ಮಾತು. ಜಾರಿದ ಲೆನ್ಸ್ ತೆಗೆದು ಕಣ್ಣಿನ ಬಿಳಿ ಗೋಡೆ ಸ್ಕ್ಲೀರಾಕ್ಕೆ ಹೊಲಿಗೆ ಹಾಕಿಯೋ, ಅಂಟಿನಲ್ಲೋ, ಯಮಾನೆ ವಿಧಾನದಲ್ಲಿ ಕಾಲಿನ ತುದಿ ಸುಟ್ಟು ಗುಂಡಿ ಮಾಡಿಯೋ ಬೇರೆ ಲೆನ್ಸ್ ನಿಲ್ಲಿಸುತ್ತಾರೆ. ರೆಟಿನಾ ಕಳಚಿದ್ದರೆ ಕಣ್ಣೊಳಗೆ ಗ್ಯಾಸ್ ತುಂಬುತ್ತಾರೆ. ಮೂಡಿಗೆರೆ, ಸಕಲೇಶಪುರದವರು ಹತ್ತಿರ ಅಂತ ಮಂಗಳೂರಿಗೆ ಇಳಿಯುತ್ತಾರೆ. ಗ್ಯಾಸ್ ತುಂಬಿದ ಕಣ್ಣಿಟ್ಟುಕೊಂಡು ಚಾರ್ಮಾಡಿ, ಶಿರಾಡಿ ಹತ್ತಬಾರದು. ಸಮುದ್ರಮಟ್ಟದಿಂದ 900 ಮೀಟರ್ ಮೇಲೆ ಬರುವಾಗ ಗಾಳಿಯ ಒತ್ತಡ ಸುಮಾರು ಶೇ. 10 ಇಳಿಯುತ್ತದೆ, ಗ್ಯಾಸ್ ಹಿಗ್ಗುತ್ತದೆ, ಕಣ್ಣಿನ ಒತ್ತಡ ಏರಿ ನೋವು, ದೃಷ್ಟಿ ಕತ್ತಲು. ಎಸ್‌ಎಫ್6 ಅನ್ನುವ ಗ್ಯಾಸ್ ಕರಗಲು ಸುಮಾರು 2 ವಾರ, ಸಿ3ಎಫ್8 ಆದರೆ 6ರಿಂದ 8 ವಾರ. ಬೆಂಗಳೂರೂ ಹೆಚ್ಚುಕಮ್ಮಿ ನಮ್ಮಷ್ಟೇ ಎತ್ತರ ಇರುವುದರಿಂದ ಅಲ್ಲಿಂದ ಬರುವುದಕ್ಕೆ ಈ ತೊಡಕು ಕಡಿಮೆ. ಎಲ್ಲಿ ಮಾಡಿಸುವುದು ಅಂತ ತೀರ್ಮಾನಿಸುವಾಗಲೇ ಮನೆ ಘಾಟಿ ಮೇಲಿದೆ ಅಂತ ಸರ್ಜನ್‌ಗೆ ಹೇಳಬೇಕು.

ಹಾಗೇ ನೀರು ಹೀರುವ ಬಗೆಯ ಹೈಡ್ರೋಫಿಲಿಕ್ ಲೆನ್ಸ್ ಇರುವ ಕಣ್ಣಿಗೆ ಗ್ಯಾಸ್ ತುಂಬಿದ ಮೇಲೆ ಲೆನ್ಸಿನಲ್ಲೇ ಸುಣ್ಣ ಕೂತು ಬೆಳ್ಳಗಾಗುವುದುಂಟು. ದೂರದಿಂದ ನೋಡಿದರೆ ಹಿಂಪದರದ ಮಸುಕಿನ ಹಾಗೇ. ಯಾಗ್ ಹೊಡೆದರೆ ಏನೂ ಸಿಗುವುದಿಲ್ಲ, ಲೆನ್ಸ್ ಬದಲಾಯಿಸಬೇಕಾದವರ ಪದರ ಹರಿದಿಟ್ಟ ಹಾಗಾಗುತ್ತದೆ ಅಷ್ಟೆ.

ಉತ್ತರ: ಡಯಾಪ್ಟರ್_ಲೆಕ್ಕ

ಹನಿಗಳ ವಿಷಯ ಯಾರೂ ಎತ್ತಲಿಲ್ಲ. ಪ್ರೆಡ್ನಿಸೋಲೋನ್ ಅಸಿಟೇಟ್ ಬಾಟಲಿಯ ತಳದಲ್ಲಿ ಮದ್ದು ಕೂತಿರುತ್ತದೆ, ಚೆನ್ನಾಗಿ ಅಲ್ಲಾಡಿಸದಿದ್ದರೆ ಕಣ್ಣಿಗೆ ಬೀಳುವುದು ಬರೀ ನೀರು. ಎರಡು ಹನಿಗಳ ನಡುವೆ 5 ನಿಮಿಷ ಬಿಡಬೇಕು. ತೆರೆದ ಬಾಟಲಿ ತಿಂಗಳಿಗೆ ಎಸೆಯಬೇಕು. ಕಣ್ಣು ಕೆಂಪಾದಾಗಲೆಲ್ಲ ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ಅದೇ ಹನಿ ತರುವವರನ್ನು ಕೇಳಿಯೇ ಪತ್ತೆಹಚ್ಚಬೇಕು. ವಾರಗಟ್ಟಲೆ ಸ್ಟಿರಾಯ್ಡ್ ಹಾಕಿ ಒತ್ತಡ ಏರಿದರೆ ನೋವೇ ಇರುವುದಿಲ್ಲ, ನರ ಒಣಗುತ್ತಿರುತ್ತದೆ. ಇನ್ನೊಂದು ಕಣ್ಣಿಗೆ ಆಪರೇಷನ್ ಇನ್ನೂ ಆಗಬೇಕಿದ್ದರೆ, ಪ್ರಾಸ್ಟೇಟ್‌ಗೆ ಟ್ಯಾಮ್ಸುಲೋಸಿನ್ ಮಾತ್ರೆ ತಗೊಳ್ಳುತ್ತಿದ್ದಾರಾ ಅಂತಲೂ ಚೀಟಿಯಲ್ಲಿ ಬರೆದು ಕಳಿಸಿ. ಮಾತ್ರೆ ನಿಲ್ಲಿಸಿದರೂ ಐರಿಸ್ ಸಡಿಲ ಉಳಿಯುತ್ತದೆ, ಸರ್ಜನ್‌ಗೆ ಮೊದಲೇ ಗೊತ್ತಿದ್ದರೆ ಹುಕ್ಕು, ರಿಂಗು ಸಿದ್ಧ ಮಾಡಿಟ್ಟುಕೊಳ್ಳುತ್ತಾರೆ.